ಮಧ್ಯಾಹ್ನದ ವಿಮಾನದ ತೂಕ

ಫೆಬ್ರವರಿ 9

ಈ ಕಾಗದವನ್ನು ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು, ಅರ್ಧ ಓದಿ, ಉಳಿದರ್ಧ ಆಮೇಲೆ ಅಂತ ಮಡಚಿಟ್ಟು ಮರೆಯುವ ಜಾತಿ ನೀನು. ನನಗೆ ಗೊತ್ತಿಲ್ಲವೇ? ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದೊಂದು ಅಕ್ಷರವನ್ನೂ ಬೆರಳು ನೋಯಿಸಿಕೊಂಡು ಬರೆಯುತ್ತೇನೆ. ಓದುವವರಿಗೂ ಸ್ವಲ್ಪ ನೋಯಲಿ. ಫೋನಿನಲ್ಲೇ ಬೈದುಬಿಡೋಣವೆಂದರೆ "ಅಜ್ಜೀ, ಮೀಟಿಂಗು" ಅಂತ ಇಟ್ಟುಬಿಡುತ್ತೀಯ. ಕಾಗದಕ್ಕೆ ಮೀಟಿಂಗಿನ ಭಯ ಇಲ್ಲ.

ಚೂಟಿ, ನೀನು ಬಾ ಬಾ ಅಂತ ಕರೆದೆ. ಹುಟ್ಟಿದಾಗಿನಿಂದ ವಿಮಾನದ ಹೊಟ್ಟೆ ಮಾತ್ರ ನೋಡಿದವಳು, ಬೆನ್ನು ಹತ್ತೋಣ ಅಂತ ಹೊರಟೆ. ನೀನು ಕಳಿಸಿದ ಟಿಕೆಟ್ಟು, ನಾನು ಕಟ್ಟಿದ ಗಂಟು, ಕೆಳಗಿನ ಮನೆಯ ದರ್ಜಿ ಜೊತೆಗೆ ಬಂದು ಬಿಟ್ಟು ಹೋದ. ಕೌಂಟರಿನಲ್ಲಿ ಇಸ್ತ್ರಿ ಮಾಡಿದ ಮುಖದವನೊಬ್ಬ ನನ್ನ ಚೀಟಿ ನೋಡಿ, ಪರದೆ ನೋಡಿ, ಕೊನೆಗೆ ನನ್ನನ್ನೂ ನೋಡಿದ. ಇವತ್ತು ತೂಕ ಜಾಸ್ತಿಯಂತೆ. ಎಂಟು ಜನ ನಾಳೆ ಬೆಳಗ್ಗೆ ಹೋಗಬೇಕಂತೆ. ಅದರಲ್ಲಿ ನಾನೂ ಒಬ್ಬಳಂತೆ.

ತೂಕ. ಆ ಮಾತನ್ನು ಅವನು ಹೇಳಿದ್ದು ನನಗೆ. ಜೋರು ಗಾಳಿ ಬೀಸಿದರೆ ಬಟ್ಟೆ ಒಣಗಿಸುವ ಹಗ್ಗ ಹಿಡಿದುಕೊಳ್ಳುವವಳು ನಾನು. ನನ್ನ ಹಿಂದೆ ಇಬ್ಬರ ಜಾಗದಲ್ಲಿ ಒಬ್ಬನೇ ನಿಂತಿದ್ದ ಮನುಷ್ಯನನ್ನು ತೋರಿಸಿ, ಇವರೊಬ್ಬರನ್ನು ಇಳಿಸಿ, ನನ್ನಂಥ ಮೂವರು ಕೂರಬಹುದು ಅಂದೆ. ಆ ಮನುಷ್ಯ ಒಳ್ಳೆಯವನು, ಹೊಟ್ಟೆ ಹಿಡಿದು ನಕ್ಕ. ಕೌಂಟರಿನವನು ನಗಲಿಲ್ಲ. ಇಲ್ಲಿಂದ ಏಳಲಿಕ್ಕೆ ಏನೂ ತೊಂದರೆ ಇಲ್ಲವಂತೆ, ಅಲ್ಲಿ ಇಳಿಯಲಿಕ್ಕೆ ತೂಕ ಹೆಚ್ಚಾಯಿತಂತೆ. ಕೇಳಿದೆಯಾ? ನನಗೆ ತಿಳಿದ ಮಟ್ಟಿಗೆ ಭಾರವಾದದ್ದೇ ಬೇಗ ಇಳಿಯುತ್ತದೆ. ಯಾಕಪ್ಪಾ ಅಂದರೆ "ಹೆಡ್ ಆಫೀಸಿನ ಲೆಕ್ಕ" ಅಂದ. ಇನ್ನೂ ಕೇಳಿದರೆ ಅದನ್ನೇ ಇನ್ನೊಂದು ಸಲ ಅಂದ. ಕೂರಲು ಒಂದು ಕುರ್ಚಿ ತೋರಿಸಲಿಲ್ಲ.

ಮರುದಿನ ಬೆಳಗ್ಗೆ ಬರಬಹುದಿತ್ತು, ಬರಲಿಲ್ಲ. ಮಾನ ಅನ್ನುವುದು ಒಂದಿದೆ. ಮನೆಗೆ ಬಂದು ದರ್ಜಿಯ ಕೈಲಿ ಒಂದು ದೂರು ಬರೆಸಿದೆ. ಅವನ ಅಕ್ಷರ ಕತ್ತರಿಸಿದ ಬಟ್ಟೆಯ ಹಾಗೆ ನೀಟು. ಕೊನೆಯ ಸಾಲು ಮಾತ್ರ ನಾನೇ ಹೇಳಿದ್ದು: "ಈ ಲೆಕ್ಕ ಹಾಕಿದ ಮಹಾಶಯನನ್ನು ನನ್ನೆದುರು ತಂದು ನಿಲ್ಲಿಸಿ. ಅವನಿಗೆ ಮಗ್ಗಿ ಬರುತ್ತದೋ ಇಲ್ಲವೋ ಒಂದು ಸಲ ನೋಡುತ್ತೇನೆ. ಬರದಿದ್ದರೆ ಕಲಿಸಿದವರನ್ನೂ ಕರೆಸಿ." ದರ್ಜಿ ಪೆನ್ನು ಕೆಳಗಿಟ್ಟು ನಕ್ಕ.

ನೀನು ಅದೇ ಕಂಪನಿಯ ಹೆಡ್ ಆಫೀಸಿನಲ್ಲಿ ಏನೋ ಕಾಗದಪತ್ರದ ಕೆಲಸ ಮಾಡುತ್ತೇನೆ ಅನ್ನುತ್ತೀಯಲ್ಲ, ಆ ಮಹಾಶಯ ಯಾರು ಅಂತ ವಿಚಾರಿಸಿ ಬರೆ.

ನಿನ್ನ ಅಜ್ಜಿ

*

ಫೆಬ್ರವರಿ 20

ಅಜ್ಜೀ,

ಕೂತುಕೊಂಡೇ ಓದಿದೆ. ನಿನ್ನನ್ನು ನಿಲ್ಲಿಸಿದ್ದು ದೊಡ್ಡ ತಪ್ಪು. ಕುರ್ಚಿಯ ವಿಷಯ ನಾನೇ ಮಾತಾಡುತ್ತೇನೆ.

ಕಾರಣ ಯಾರೂ ಹೇಳಲಿಲ್ಲ ಅಂದೆ. ನಾನು ಹೇಳುತ್ತೇನೆ, ಕೇಳು. ವಿಮಾನ ಇಳಿಯಲು ಬಂದು, ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಏನಾದರೂ ಅಡ್ಡ ಬಂದರೆ, ಪೈಲಟ್ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲಕ್ಕೇರಿಸಬೇಕಾಗುತ್ತದೆ. ಅದು ಏರುವುದಕ್ಕೆ ತಕ್ಕ ಹೊತ್ತಲ್ಲ. ವೇಗ ಕಡಿಮೆ, ಚಕ್ರಗಳು ಹೊರಗೆ, ರೆಕ್ಕೆಯ ಹಿಂದಿನ ಹಲಗೆಗಳು ಇಳಿಬಿದ್ದಿರುತ್ತವೆ. ಅದೇ ಗಳಿಗೆಯಲ್ಲಿ ಎರಡು ಇಂಜಿನ್‌ಗಳಲ್ಲಿ ಒಂದು ಕೈಕೊಟ್ಟರೂ ಉಳಿದ ಒಂದರಿಂದಲೇ ಏರಬೇಕು. ನಮ್ಮ ರನ್‌ವೇ ಮುಗಿದ ಕಡೆ ಒಂದು ಗುಡ್ಡ ಇದೆ. ನನ್ನ ಮೇಜಿನಿಂದಲೇ ಕಾಣುತ್ತದೆ. ಮಧ್ಯಾಹ್ನದ ಬಿಸಿಗೆ ಗಾಳಿ ತೆಳುವಾಗುತ್ತದೆ, ಇಂಜಿನ್ನಿನ ಬಲವೂ ಕುಗ್ಗುತ್ತದೆ. ಆ ಗುಡ್ಡ ದಾಟಬೇಕಾದರೆ ವಿಮಾನ ಹಗುರವಾಗಿರಬೇಕು. ಅದಕ್ಕೇ ಮಧ್ಯಾಹ್ನ ಕಡಿಮೆ ಜನ. ಬೆಳಗ್ಗೆ ತಂಪು, ಆಗ ಎಲ್ಲ ಸೀಟೂ ತುಂಬಬಹುದು.

ಲೆಕ್ಕ ಹಾಕುವವರು ಯಾರನ್ನೂ ಬೇಕಂತ ಇಳಿಸುವುದಿಲ್ಲ. ಯಾರು ಕೂತಿದ್ದಾರೆ ಅನ್ನುವುದು ಅವರಿಗೆ ತಿಳಿಯುವುದೂ ಇಲ್ಲ. ಅವರಿಗೆ ಕಾಣುವುದು ಬರೀ ಬಿಸಿ, ಗಾಳಿ, ಗುಡ್ಡ.

ದೂರನ್ನು ಅಂಚೆಗೆ ಹಾಕಿಬಿಟ್ಟೆಯಾ? ಹಾಕಿಲ್ಲದಿದ್ದರೆ ಇರಲಿ ಬಿಡು. ಬೆಳಗಿನ ವಿಮಾನಕ್ಕೆ ಬಾ.

ಚೂಟಿ

*

ಮಾರ್ಚ್ 1

ಚೂಟಿ,

ಹಾಕಿದೆ. ಬರೆದ ದಿನವೇ ಹಾಕಿದೆ. ಬೇಯಿಸಿದ್ದನ್ನು ಬಡಿಸದೆ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಅಷ್ಟೇ ಅಲ್ಲ, ನಿಮ್ಮ ಮ್ಯಾನೇಜರಿಂದ ಉತ್ತರವೂ ಬಂತು. "ನಿಮ್ಮ ದೂರು ನಮಗೆ ಬಹಳ ಉಪಯೋಗಕ್ಕೆ ಬಂತು" ಅಂತ ಬರೆದಿದ್ದಾರೆ, ಗಟ್ಟಿ ಕಾಗದದ ಮೇಲೆ. ದರ್ಜಿ ಅದನ್ನು ಅಂಗಡಿಯ ಕನ್ನಡಿಗೆ ಸಿಕ್ಕಿಸಿದ್ದಾನೆ. ಅಳತೆ ಕೊಡಲು ಬಂದವರೆಲ್ಲ ಓದಿ ಹೋಗುತ್ತಾರೆ.

ಈಗ ನಿನ್ನ ವಿಷಯ. ಯಾವತ್ತೂ ಕಾಲು ಪುಟಕ್ಕಿಂತ ಹೆಚ್ಚು ಬರೆಯದ ಮೌನಗೌರಿ ನೀನು. ಆ ಲೆಕ್ಕದವನು ಯಾರು ಅಂತ ಒಂದು ಮಾತು ಕೇಳಿದ್ದಕ್ಕೆ ಪುಟ ತುಂಬಿಸಿದ್ದೀಯ. ಅವನು ಬೇಕಂತ ಇಳಿಸುವುದಿಲ್ಲವಂತೆ, ಅವನಿಗೆ ಏನೂ ತಿಳಿಯುವುದಿಲ್ಲವಂತೆ, ಅವನಿಗೆ ಗುಡ್ಡ ಮಾತ್ರ ಕಾಣುತ್ತದಂತೆ. ಹೆಸರು ಮಾತ್ರ ಹೇಳುವುದಿಲ್ಲ. ನನ್ನ ತಲೆ ನೆರೆದದ್ದು ಬಿಸಿಲಿಗಲ್ಲ ಕಣೇ. ನಿನಗೆ ಅವನ ಮೇಲೆ ಮನಸ್ಸಾಗಿದೆ. ಆಗಲಿ. ನಿಮ್ಮ ಅಪ್ಪನಿಗೆ ಈಗಲೇ ಹೇಳುವುದಿಲ್ಲ. ಎತ್ತರ ಎಷ್ಟಿದ್ದಾನೆ? ಜೋರಾಗಿ ಮಾತಾಡುತ್ತಾನೋ, ನಿನ್ನ ಹಾಗೇ ನುಂಗುತ್ತಾನೋ? ಇಬ್ಬರೂ ನುಂಗುವವರಾದರೆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಇರುವುದಿಲ್ಲ.

ಅವನಿಗೆ ನನ್ನ ಕಡೆಯಿಂದ ಒಂದು ಮಾತು ಹೇಳು. ನೀನು ಬರೆದದ್ದನ್ನು ನಾನು ಓದಿ ತಿಳಿದುಕೊಂಡೆ. ಬಾಗಿಲಿಗೆ ಬಂದ ನೆಂಟ ಹೊಸಿಲು ತುಳಿಯದೆ ತಿರುಗಬೇಕು, ಸರಿಯಾಗಿ ಆಗಲೇ ಇಂಜಿನ್ ಕೆಡಬೇಕು, ಅದೂ ಉರಿಬಿಸಿಲ ಮಧ್ಯಾಹ್ನವೇ ಆಗಬೇಕು. ಗಾಯದ ಮೇಲೆ ಬರೆ, ಬರೆಯ ಮೇಲೆ ಉಪ್ಪು. ಇಷ್ಟೆಲ್ಲ ಕೂಡಿಬರುವುದು ಯಾವ ಕಾಲಕ್ಕೆ? ದರ್ಜಿ ಹೇಳುತ್ತಾನೆ, ಎಂಥ ಬಿಗಿ ಅಂಗಿಗೂ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುತ್ತಾರಂತೆ. ಮೈ ಬಂದರೆ ಬಿಚ್ಚಿ ಸಡಿಲ ಮಾಡಬಹುದು. ನಿನ್ನವನ ಲೆಕ್ಕದಲ್ಲೂ ಅಂಥದ್ದು ಇದ್ದೇ ಇರುತ್ತದೆ. ಸ್ವಲ್ಪ ಬಿಚ್ಚಲಿ. ಎಂಟು ಜನ ಎಷ್ಟು ಮಹಾ?

ಅವನ ಬಗ್ಗೆ ವಿವರವಾಗಿ ಬರೆ.

ಅಜ್ಜಿ

*

ಮಾರ್ಚ್ 19

ಚೂಟಿ,

ಕಾಗದ ಇಲ್ಲ. ಕೈ ಮುರಿದಿದೆಯೋ, ಮುನಿಸೋ? ಕೈ ಮುರಿದಿದ್ದರೆ ಇನ್ನೊಂದು ಕೈಲಿ ಬರೆ. ಮುನಿಸಾದರೆ ಎರಡೂ ಕೈಲಿ ಬರೆ.

ಹುಡುಗನ ವಿಷಯ ಕೆದಕಿದ್ದು ಹಿಡಿಸದಿದ್ದರೆ ಬಿಟ್ಟುಬಿಡು. ಅವನು ಕುಳ್ಳಗಿದ್ದರೂ ಪರವಾಗಿಲ್ಲ.

ಅಜ್ಜಿ

*

ಮಾರ್ಚ್ 24

ಅಜ್ಜೀ,

ಹುಡುಗ ಯಾರೂ ಇಲ್ಲ. ಆ ಮಹಾಶಯ ನಾನೇ.

ಮಧ್ಯಾಹ್ನದ ವಿಮಾನದಲ್ಲಿ ಎಷ್ಟು ಭಾರ ಇರಬಹುದು ಅಂತ ಲೆಕ್ಕ ಹಾಕಿ ಸಹಿ ಮಾಡುವುದು ನನ್ನ ಕೆಲಸ. ಕಾಗದಪತ್ರದ ಕೆಲಸ ಅಂತ ನಾನು ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಿನಗೆ ಟಿಕೆಟ್ ತೆಗೆಯುವಾಗ ಬೆಳಗಿನದು ಸಿಗಲಿಲ್ಲ. ಮಧ್ಯಾಹ್ನದ್ದು ತೆಗೆದೆ. ಆ ದಿನ ಬಿಸಿ ಏರಿತು. ಎಂಟು ಜನ ಇಳಿಯಬೇಕು ಅಂತ ಬರೆದು ಕಳಿಸಿದ್ದು ನಾನು. ಆ ಎಂಟರಲ್ಲಿ ನೀನಿದ್ದೀಯ ಅನ್ನುವುದು ನಿನ್ನ ಕಾಗದ ಬಂದಾಗಲೇ ನನಗೆ ಗೊತ್ತಾದದ್ದು.

ನಿನ್ನ ದೂರು ನಿಜವಾಗಿಯೂ ಉಪಯೋಗಕ್ಕೆ ಬಂತು. ಮಧ್ಯಾಹ್ನದ ಜನ ಬೇಸತ್ತು ಬೇರೆ ಕಂಪನಿಗೆ ಹೋಗುತ್ತಿದ್ದಾರೆ ಅಂತ ಮ್ಯಾನೇಜರ್ ಮೊದಲಿನಿಂದ ಹೇಳುತ್ತಿದ್ದರು. ಮೀಟಿಂಗಿನಲ್ಲಿ ದೂರುಗಳ ಕಟ್ಟು ತಂದಿಟ್ಟು, ಎಲ್ಲಕ್ಕಿಂತ ಚೆನ್ನಾಗಿರುವುದು ಇದು ಅಂತ ನಿನ್ನದನ್ನು ಗಟ್ಟಿಯಾಗಿ ಓದಿದರು. ಎರಡನೇ ಸಾಲಿಗೇ ನನಗೆ ಗುರುತು ಹತ್ತಿತು. ಮಗ್ಗಿಯ ಸಾಲು ಬಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಕಲಿಸಿದವರನ್ನು ಕರೆಸಬೇಕಾದರೆ ನಿನ್ನನ್ನೇ ಕರೆಸಬೇಕು. ಅದನ್ನು ಅಲ್ಲಿ ಹೇಳಲಿಲ್ಲ.

ಈಗ ಎಲ್ಲ ಸರಿಹೋಗಿದೆ. ಇಲ್ಲಿಯವರೆಗೆ ಆಯಾ ಮಧ್ಯಾಹ್ನ ಎಷ್ಟು ಬಿಸಿ ಇರುತ್ತದೋ ಅದನ್ನೇ ಹಿಡಿದು ಲೆಕ್ಕ ಹಾಕುತ್ತಿದ್ದೆ. ಇನ್ನು ಮೇಲೆ ತಿಂಗಳ ಸರಾಸರಿ ಬಿಸಿ ಹಿಡಿಯಬೇಕು ಅಂದರು. ಹಾಗೆ ಮಾಡಿದರೆ ಯಾರನ್ನೂ ಇಳಿಸಬೇಕಾಗಿಲ್ಲ. ಹೊಸ ಅಂಕಿಗೆ ಸಹಿ ಮಾಡಿದ್ದೇನೆ, ಏಪ್ರಿಲ್ ಮೊದಲಿನಿಂದ ಜಾರಿ. ಹೊಲಿಗೆ ಬಿಚ್ಚು ಅಂತ ನೀನೂ ಹೇಳಿದ್ದೆಯಲ್ಲ. ಮ್ಯಾನೇಜರಿಗೆ ಸಂತೋಷವಾಗಿದೆ. ದೊಡ್ಡ ಮೇಜು ಕೊಟ್ಟಿದ್ದಾರೆ, ಗುಡ್ಡಕ್ಕೆ ಬೆನ್ನು ಹಾಕಿ ಕೂರುವಂಥದ್ದು.

ನಾನು ಚೆನ್ನಾಗಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತಿದೆ.

ಚೂಟಿ

*

ಮಾರ್ಚ್ 31

ಚೂಟಿ,

ಕಳ್ಳಿ. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಲ್ಲ. ಮೊದಲೇ ಹೇಳಿದ್ದರೆ ಮಗ್ಗಿಯ ಸಾಲನ್ನು ತೆಗೆಸುತ್ತಿದ್ದೆ. ಇಲ್ಲ, ತೆಗೆಸುತ್ತಿರಲಿಲ್ಲ, ಸಾಲು ಚೆನ್ನಾಗಿತ್ತು. ಆದರೆ ಮಹಾಶಯಳು ಅಂತ ಬರೆಸುತ್ತಿದ್ದೆ.

ಹುಡುಗ ಇಲ್ಲ ಅಂದದ್ದಕ್ಕೆ ಒಂದು ಗಳಿಗೆ ಬೇಜಾರಾಯಿತು. ಆಮೇಲೆ ಯೋಚಿಸಿದೆ. ಅಷ್ಟು ದೊಡ್ಡ ವಿಮಾನ ನನ್ನ ಮೊಮ್ಮಗಳ ಒಂದು ಸಹಿಗೆ ಕಾಯುತ್ತದೆ. ಅದರ ಮುಂದೆ ಅಳಿಯ ಯಾವ ಲೆಕ್ಕ? ದರ್ಜಿಗೆ ಹೇಳಿದೆ. ಅವನು ಕನ್ನಡಿಯಿಂದ ಮ್ಯಾನೇಜರ ಕಾಗದ ತೆಗೆದು, ಮತ್ತೆ ಓದಿ, ಮತ್ತೆ ಅಲ್ಲೇ ಸಿಕ್ಕಿಸಿದ. ಈಗ ಗಿರಾಕಿಗಳಿಗೆ ಕಥೆ ಉದ್ದವಾಗಿದೆ, ಅಂಗಿಗಳು ತಡವಾಗುತ್ತಿವೆ.

ಸಡಿಲ ಮಾಡಿದ್ದು ಒಳ್ಳೆಯದೇ ಆಯಿತು. ದೊಡ್ಡವರ ಮಾತಿಗೆ ಬೆಲೆ ಕೊಟ್ಟೆ. ಏಪ್ರಿಲ್ ಹದಿನಾಲ್ಕಕ್ಕೆ ಮಧ್ಯಾಹ್ನದ ವಿಮಾನಕ್ಕೇ ಟಿಕೆಟ್ ತೆಗೆಸಿದ್ದೇನೆ. ಯಾವ ಕೌಂಟರಿನಲ್ಲಿ ಅವಮಾನ ಆಯಿತೋ ಅದೇ ಕೌಂಟರಿನ ಮುಂದೆ ತಲೆ ಎತ್ತಿ ಹೋಗಬೇಕು. ಜೊತೆಗೆ ಮೇಲಿನ ಮನೆಯ ನರ್ಸ್ ಇದ್ದಾಳೆ. ಅವಳ ಗಂಡನಿಗೆ ನಿಮ್ಮ ಊರಿನಲ್ಲಿ ಕೆಲಸ. ಹುಟ್ಟಿದ ಕೂಸನ್ನು ಅವನು ಇನ್ನೂ ಕೈಲಿ ಹಿಡಿದಿಲ್ಲ. ಅವಳಿಗೆ ಈ ವಿಮಾನದ ವಿಷಯ ಹೇಳಿದ್ದೂ ನಾನೇ. "ನಮ್ಮ ಚೂಟಿಯ ಲೆಕ್ಕದ್ದು, ಧೈರ್ಯವಾಗಿ ಹತ್ತು" ಅಂದಿದ್ದೇನೆ.

ಈ ಸಲ ನನ್ನನ್ನು ಇಳಿಸುವವರು ಯಾರು, ನೋಡೇಬಿಡುತ್ತೇನೆ.

ಅಜ್ಜಿ

*

ಏಪ್ರಿಲ್ 5

ಅಜ್ಜೀ,

ಮಧ್ಯಾಹ್ನದ ವಿಮಾನ ಬೇಡ. ಬೆಳಗಿನದಕ್ಕೆ ಬದಲಾಯಿಸಿಕೋ, ಟಿಕೆಟ್ ನಾನು ನೋಡಿಕೊಳ್ಳುತ್ತೇನೆ. ದಯವಿಟ್ಟು ಯಾಕೆ ಅಂತ ಕೇಳಬೇಡ.

ಚೂಟಿ

*

ಏಪ್ರಿಲ್ 9

ಚೂಟಿ,

ನಿನ್ನ ಕಾಗದ ಓದಲು ಕನ್ನಡಕ ಹುಡುಕಿದಷ್ಟು ಹೊತ್ತೂ ಹಿಡಿಯಲಿಲ್ಲ. ಆದರೆ ಅದನ್ನು ಕೈಯಿಂದ ಕೆಳಗಿಡಲು ಬಹಳ ಹೊತ್ತು ಹಿಡಿಯಿತು. ಮೊದಲು ಅಂದುಕೊಂಡೆ, ಮಧ್ಯಾಹ್ನ ಅಜ್ಜಿಗೆ ಬಿಸಿಲಾಗುತ್ತದೆ ಅಂತ ಕಾಳಜಿ. ಎಷ್ಟು ಒಳ್ಳೆಯ ಹುಡುಗಿ ಅಂದುಕೊಂಡೆ. ಆಮೇಲೆ ಹಿಂದಿನ ಕಾಗದ ತೆಗೆದು ಓದಿದೆ. ನಿದ್ದೆ ಚೆನ್ನಾಗಿ ಬರುತ್ತಿದೆ ಅಂತ ಬರೆದಿದ್ದೀಯ. ನಾನು ಕೇಳಿದ್ದೆನೇ? ಕೇಳದೆ ಹೇಳಿದ ಮಾತಿನಲ್ಲೇ ಹುಳುಕು ಇರುವುದು. ಗುಡ್ಡಕ್ಕೆ ಬೆನ್ನು ಹಾಕಿದ ಮೇಜು ಅಂತಲೂ ಬರೆದಿದ್ದೀಯ. ಅದೂ ಆಗ ನನಗೆ ಮೇಜಿನ ಸುದ್ದಿಯಾಗಿ ಕಂಡಿತ್ತು.

ಈಗ ತಿಳಿಯಿತು. ನೀನು ಸಹಿ ಮಾಡಿದ ಅಂಕಿಯನ್ನು ನೀನೇ ನಂಬುವುದಿಲ್ಲ.

ಸರಾಸರಿಯಂತೆ ಸರಾಸರಿ. ಗಂಡ ಆರು ರೊಟ್ಟಿ ತಿಂದು, ಹೆಂಡತಿ ಉಪವಾಸ ಮಲಗಿದರೆ, ಆ ಮನೆಯಲ್ಲಿ ತಲೆಗೆ ಮೂರು ರೊಟ್ಟಿ ಆಯಿತು ಅನ್ನುವ ಲೆಕ್ಕ ಅದು. ಇದು ನನಗಿಂತ ಮೊದಲು ನಿನಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಮಾಡಿದೆ.

ನಾನು ಹೇಳಿದೆ ಅಂತ ಮಾಡಿದ್ದಾ? ದರ್ಜಿಯ ಹೊಲಿಗೆಯ ಮಾತು ಬರೆದೆ, ನಿಜ. ನಾನು ಏನೇನೋ ಹೇಳುತ್ತೇನೆ. ಬೇಗ ಮಲಗು ಅಂದೆ, ಮಲಗಿದೆಯಾ? ಹೊತ್ತಿಗೆ ಸರಿಯಾಗಿ ತಿನ್ನು ಅಂದೆ, ತಿಂದೆಯಾ? ನೆಟ್ಟಗೆ ಕೂತುಕೋ ಅಂದೆ, ಈಗಲೂ ಗೂನಾಗಿ ಕೂತೇ ಇದನ್ನು ಓದುತ್ತಿದ್ದೀಯ. ನಾನು ಜೀವಮಾನದಲ್ಲಿ ಹೇಳಿದ ಸಾವಿರ ಮಾತಿನಲ್ಲಿ ಕೇಳಬಾರದ ಒಂದನ್ನು ಹುಡುಕಿ ಕೇಳಿದ್ದೀಯ. ನನಗೆ ಬಾಯಿಗೆ ಬಂದ ಹಾಗೆ ಮಾತಾಡಲು ಬರುತ್ತದೆ, ಗುಡ್ಡದ ಲೆಕ್ಕ ಬರುವುದಿಲ್ಲ. ಅದು ನಿನ್ನದು. ಅದಕ್ಕೇ ನಿನ್ನನ್ನು ಓದಿಸಿದ್ದು.

ನರ್ಸ್ ಮೇಲಿನಿಂದ ಇಳಿದು ಬಂದು, ಅಜ್ಜಿ, ಕೂಸಿಗೆ ವಿಮಾನದಲ್ಲಿ ಕಿವಿ ನೋವಾಗುತ್ತದಾ ಅಂತ ಕೇಳಿದಳು. ಅವಳಿಗೆ ಏನು ಹೇಳಲಿ? ನನ್ನ ಮೊಮ್ಮಗಳು ನನಗೆ ಬೇಡ ಅಂದಿದ್ದಾಳೆ, ನೀನು ಹತ್ತು ಅನ್ನಲೇ? ಬೆಳಗಿನದಕ್ಕೆ ಹೋಗು, ಕೂಸಿಗೆ ತಂಪು ಅಂತ ಹೇಳಿ ಬದಲಾಯಿಸಿಕೊಟ್ಟೆ. ಸರಿ, ಅವಳದಾಯಿತು. ನನ್ನದಾಯಿತು. ಆ ಮಧ್ಯಾಹ್ನ ಹತ್ತುವ ಉಳಿದವರಿಗೆ ಯಾರ ಮೊಮ್ಮಗಳು ಕಾಗದ ಬರೆಯುತ್ತಾಳೆ?

ನಾನು ಬೆಳಗಿನ ವಿಮಾನಕ್ಕೂ ಬರುವುದಿಲ್ಲ. ಟಿಕೆಟ್ಟನ್ನು ದರ್ಜಿಯ ಕೈಲಿ ವಾಪಸ್ ಕೊಡಿಸಿದೆ. ಮೊದಲು ನಿನ್ನ ಸಹಿ ವಾಪಸ್ ತಗೋ. ಕೆಲಸ ಹೋದರೆ ಹೋಗಲಿ, ಇಲ್ಲಿ ಮನೆ ಇದೆ, ಬೈಯಲು ನಾನಿದ್ದೇನೆ. ಅಲ್ಲಿ ಯಾರಾದರೂ ನಿನ್ನ ಮೇಲೆ ರೇಗಿದರೆ ನನ್ನನ್ನು ನೆನಪಿಸಿಕೋ. ನನ್ನ ಬೈಗುಳ ತಿಂದು ಬೆಳೆದವಳಿಗೆ ಮ್ಯಾನೇಜರ ಬೈಗುಳ ಉಪ್ಪಿಲ್ಲದ ಅಡುಗೆ.

ಅಜ್ಜಿ

*

ಏಪ್ರಿಲ್ 20

ಅಜ್ಜೀ,

ಗೂನಾಗಿಯೇ ಕೂತಿದ್ದೆ. ನೆಟ್ಟಗಾದೆ.

ನಿನ್ನ ಕಾಗದ ಬಂದ ದಿನವೇ ಮ್ಯಾನೇಜರ ಕೋಣೆಗೆ ಹೋದೆ. ಮೂರು ವಾರ ಆ ಬಾಗಿಲ ಮುಂದೆ ನಡೆದಾಡಿದವಳಿಗೆ, ಒಳಗೆ ಹೋದ ಮೇಲೆ ಮಾತು ಇಷ್ಟು ಚಿಕ್ಕದು ಅಂತ ಆಶ್ಚರ್ಯವಾಯಿತು. ಮಧ್ಯಾಹ್ನದ ಅಂಕಿಗೆ ಹಾಕಿದ ಸಹಿ ವಾಪಸ್ ಅಂದೆ. ಅವರು ಕಿರುಚಲಿಲ್ಲ. ಎರಡು ದಿನ ಯೋಚನೆ ಮಾಡಿ, ಆಯಾಸವಾಗಿರಬೇಕು ಅಂದರು. ಅಲ್ಲಿಯವರೆಗೆ ವಿಮಾನ ಹೊಸ ಅಂಕಿಯ ಮೇಲೇ ಹಾರುತ್ತದೆ ಅಂದರು. ನಾನು ಎದ್ದು ಬಂದು ಅದನ್ನೇ ಬರೆದು, ಅವರಿಗೂ ಅವರ ಮೇಲಿನವರಿಗೂ ಕಳಿಸಿದೆ.

ಮರುದಿನ ಮಧ್ಯಾಹ್ನ ಊರೆಲ್ಲ ಕಾದ ಬಾಣಲೆಯ ಹಾಗಿತ್ತು. ನಾನು ಹಳೆಯ ಮೇಜಿನ ಹತ್ತಿರ ಹೋಗಿ ನಿಂತಿದ್ದೆ. ನಿನ್ನ ಊರಿನ ವಿಮಾನ ಇಳಿಯಲು ಬಂತು, ತುಂಬಿ ಬಂದಿತ್ತು. ರನ್‌ವೇಯಲ್ಲಿ ಕಸ ಗುಡಿಸುವ ಗಾಡಿಯೊಂದು ಕೆಟ್ಟು ನಿಂತಿತ್ತು. ವಿಮಾನ ನೆಲದ ಹತ್ತಿರ ಬಂದದ್ದು ಇಳಿಯಲಿಲ್ಲ. ಇಂಜಿನ್‌ಗಳ ಸದ್ದು ಏರಿತು, ಮೂಗು ಎತ್ತಿತು, ಚಕ್ರ ಒಳಗೆ ಹೋಯಿತು. ಹಾಗೇ ಏರಿ, ಗುಡ್ಡದ ಮೇಲೆ ಹೋಗಿ, ಸುತ್ತು ಹಾಕಿ ಬಂದು ಸುಖವಾಗಿ ಇಳಿಯಿತು. ಏನೂ ಆಗಲಿಲ್ಲ, ಅಜ್ಜಿ. ಒಳಗಿದ್ದವರು ತಡವಾಯಿತು ಅಂತ ಗೊಣಗಿಕೊಂಡು ಇಳಿದಿರುತ್ತಾರೆ.

ಆದರೆ ನಾನು ಕಿಟಕಿಯ ಚೌಕಟ್ಟು ಹಿಡಿದಿದ್ದ ಕೈಯನ್ನು ಆಮೇಲೆ ಒಂದೊಂದೇ ಬೆರಳಾಗಿ ಬಿಡಿಸಬೇಕಾಯಿತು.

ಮ್ಯಾನೇಜರ್ ನಗುತ್ತಾ ಬಂದರು. ಎಲ್ಲರೂ ಕೇಳುವ ಹಾಗೆ ಹೇಳಿದರು: "ನೋಡಿದಿರಾ? ತುಂಬಿದ ವಿಮಾನ, ಇದೇ ಬಿಸಿ. ಏರಿತಲ್ಲ?"

"ಎರಡು ಇಂಜಿನ್ನಿನಲ್ಲಿ ಏರಿತು ಸರ್" ಅಂದೆ. "ಒಂದರಲ್ಲೂ ಏರುತ್ತಿತ್ತು ಅಂತ ಬರೆದಿಡ್ತೀನಿ. ನೀವು ಸಹಿ ಹಾಕಿ."

ಅಲ್ಲೇ ಕೂತು ಆ ಮಧ್ಯಾಹ್ನದ ಬಿಸಿ, ಆ ವಿಮಾನದ ಭಾರ ಇಟ್ಟು ಒಂದೇ ಇಂಜಿನ್ನಿನ ಲೆಕ್ಕ ಹಾಕಿ ತೋರಿಸಿದೆ. ಗುಡ್ಡ ದಾಟುವಷ್ಟು ಎತ್ತರ ಸಿಗುತ್ತಿರಲಿಲ್ಲ. ಕಾಗದದ ಪಕ್ಕದಲ್ಲಿ ಪೆನ್ನು ಇಟ್ಟೆ. ಅವರು ಕೆಟ್ಟವರಲ್ಲ. ಕಾಗದ ಓದಿದರು, ಕಿಟಕಿಯ ಕಡೆ ನೋಡಿದರು. ಪೆನ್ನು ಮುಟ್ಟಲಿಲ್ಲ.

ಮರುದಿನದಿಂದ ಹಳೆಯ ಅಂಕಿ ಮತ್ತೆ ಬಂತು. ಆಯಾ ದಿನದ ಬಿಸಿ, ಆಯಾ ದಿನದ ತೂಕ. ನನ್ನನ್ನು ಮಾತ್ರ ಆ ಕೆಲಸದಿಂದ ತೆಗೆದು ಸ್ಟೋರ್ ರೂಮಿನ ಪಕ್ಕದ ಮೂಲೆಗೆ ಕೂರಿಸಿದ್ದಾರೆ. ಮೊದಲು ಸಹಿ ಮಾಡಿದ್ದು ಯಾಕೆ ಅಂತ ವಿಚಾರಣೆ ಇದೆ. ಕೇಳುವ ಹಕ್ಕು ಅವರಿಗಿದೆ. ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಕುರ್ಚಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿನ್ನೆ ದಿಂಬಿಗೆ ತಲೆ ಕೊಟ್ಟದ್ದು ಗೊತ್ತು, ಬೆಳಗಾದದ್ದು ಗೊತ್ತು.

ಚೂಟಿ

*

ಏಪ್ರಿಲ್ 26

ಚೂಟಿ,

ನಿನ್ನ ಕಾಗದವನ್ನು ದರ್ಜಿಗೆ ಓದಿ ಹೇಳುತ್ತಾ "ಪೆನ್ನು ಮುಟ್ಟಲಿಲ್ಲ" ಅನ್ನುವ ಕಡೆ ಬಂದಾಗ ಅವನು ಮಿಷನ್ ತುಳಿಯುವುದನ್ನು ನಿಲ್ಲಿಸಿದ. ಇನ್ನೊಂದು ಸಲ ಓದಿ ಅಂದ. ಓದಿದೆ. ಮ್ಯಾನೇಜರ ಕಾಗದವನ್ನು ಕನ್ನಡಿಯಿಂದ ಕಿತ್ತು, ಅದರ ಹಿಂದೆ ಯಾರದೋ ತೋಳಿನ ಅಳತೆ ಬರೆದುಕೊಂಡ. ಕಾಗದ ಗಟ್ಟಿ ಇತ್ತಲ್ಲ, ಕೊನೆಗೂ ಉಪಯೋಗಕ್ಕೆ ಬಂತು.

ಮೂಲೆಗೆ ಹಾಕಿದರು ಅಂತ ಬರೆದೆ. ಹಾಕಲಿ ಬಿಡು. ಮೂಲೆಯಲ್ಲಿ ಕೂತವರಿಗೆ ಮನೆಯೆಲ್ಲ ಕಾಣುತ್ತದೆ. ವಿಚಾರಣೆಯಲ್ಲಿ ಅಳಬೇಡ, ಅತಿಯಾಗಿ ವಿನಯವನ್ನೂ ತೋರಿಸಬೇಡ. ಯಾಕೆ ಸಹಿ ಮಾಡಿದೆ ಅಂದರೆ, ಹೆದರಿ ಮಾಡಿದೆ ಅನ್ನು. ಯಾಕೆ ವಾಪಸ್ ತಗೊಂಡೆ ಅಂದರೆ, ಅದಕ್ಕಿಂತ ದೊಡ್ಡ ಹೆದರಿಕೆ ಆಯಿತು ಅನ್ನು. ಅಷ್ಟರ ಮೇಲೂ ಕಳಿಸಿದರೆ, ನಿನ್ನನ್ನು ಕಳಿಸಿಕೊಟ್ಟು ಅವರು ಗುಡ್ಡವನ್ನು ಇಟ್ಟುಕೊಳ್ಳಲಿ. ಯಾವ ಊರಿನಲ್ಲಿ ಗುಡ್ಡ ಇಲ್ಲ? ಲೆಕ್ಕ ಬರುವವರು ಎಲ್ಲ ಕಡೆಗೂ ಬೇಕು.

ಎರಡನೇ ದೂರು ನಿನ್ನೆ ಅಂಚೆಗೆ ಹಾಕಿಸಿದೆ. ಮೊದಲನೆಯದನ್ನು ವಾಪಸ್ ತೆಗೆದುಕೊಂಡಿಲ್ಲ. ನನ್ನನ್ನು ನಿಲ್ಲಿಸಿದ್ದು ನಿಜ, ಕಾರಣ ಹೇಳದೆ ಕಳಿಸಿದ್ದು ನಿಜ. ಇದರಲ್ಲಿ ಬರೆಸಿದ್ದು ಇಷ್ಟೇ: ಎಂಟು ಜನ ಇಳಿಯಬೇಕಾದರೆ ಇಳಿಸಿ, ಆದರೆ ಯಾಕೆ ಅಂತ ಬಾಯಿಬಿಟ್ಟು ಹೇಳಿ. ಇಳಿಯಲಾಗದೆ ಮೇಲೇಳುವ ವಿಮಾನ ಗುಡ್ಡ ದಾಟಬೇಕು ಅಂತ ಹೇಳಿದ್ದರೆ ನಾನು ಬೈದುಕೊಂಡಾದರೂ ಇಳಿಯುತ್ತಿದ್ದೆ, ಆ ದಪ್ಪ ಮನುಷ್ಯ ನಕ್ಕುಕೊಂಡೇ ಇಳಿಯುತ್ತಿದ್ದ. ಹೇಳದೆ ತಳ್ಳಿದರೆ ಜನ ದೂರು ಬರೆಯುತ್ತಾರೆ, ದೂರು ನೋಡಿ ನೀವು ಲೆಕ್ಕ ತಿದ್ದುತ್ತೀರಿ. ಈ ಸಲ ಮಗ್ಗಿಯ ಸಾಲು ಇಲ್ಲ. ನಾನು ಯಾರ ಅಜ್ಜಿ ಅಂತಲೂ ಬರೆಸಿಲ್ಲ. ಶಿಫಾರಸು ಅಂದುಕೊಂಡಾರು.

ನರ್ಸ್ ಹೋಗಿ ತಲುಪಿದಳು. ಕೂಸು ವಿಮಾನದಲ್ಲಿ ಹತ್ತಿದಾಗಿನಿಂದ ಇಳಿಯುವವರೆಗೂ ನಿದ್ದೆ ಮಾಡಿತಂತೆ. ಅಪ್ಪನ ಕೈಗೆ ಕೊಟ್ಟ ತಕ್ಷಣ ಎದ್ದು ಅಂಗಿ ಒದ್ದೆ ಮಾಡಿತಂತೆ. ಅವಳಿಗೆ ಬೇರೇನೂ ಹೇಳಿಲ್ಲ. ಹೇಳಬೇಕಾಗಿ ಬರಲಿಲ್ಲ, ಅದೇ ಸಮಾಧಾನ.

ಈಗ ನನ್ನ ಪ್ರಯಾಣ. ಬೆಳಗಿನ ವಿಮಾನದ ಮಾತು ಎತ್ತಬೇಡ. ಮಧ್ಯಾಹ್ನದ್ದಕ್ಕೇ ಬರುತ್ತೇನೆ, ನಿನ್ನ ಹಳೆಯ ಅಂಕಿಯ ಮೇಲೆ. ಮುಂದಿನ ತಿಂಗಳ ಮೊದಲ ವಾರಕ್ಕೆ ದರ್ಜಿ ಟಿಕೆಟ್ ತೆಗೆಸಿದ್ದಾನೆ. ಆ ಹೊತ್ತಿಗೆ ನೀನು ಮೇಜಿನಲ್ಲಿರು, ಮೂಲೆಯಲ್ಲಿರು, ಮನೆಯಲ್ಲೇ ಇರು, ನನಗೆ ವ್ಯತ್ಯಾಸವಿಲ್ಲ. ಕರೆದುಕೊಂಡು ಹೋಗಲು ಬಂದರೆ ಸಾಕು. ನನಗೆ ಹೆದರಿಕೆ ಇಲ್ಲ. ಇಳಿಯುವಾಗ ಏನಾದರೂ ಅಡ್ಡ ಬಂದು ಮತ್ತೆ ಮೇಲಕ್ಕೆ ಹೋದರೆ, ಪಕ್ಕದವರ ಕೈ ಹಿಡಿದು, ಹೆದರಬೇಡಿ, ಇದಕ್ಕೂ ಲೆಕ್ಕ ಹಾಕಿಟ್ಟಿದ್ದಾರೆ ಅಂತ ನಾನೇ ಹೇಳುತ್ತೇನೆ.

ಒಂದೇ ಒಂದು ವಿಷಯ ಗೊತ್ತಾಗಬೇಕು. ಸೀಟು ಹೇಳಿಬಿಡಬೇಕಂತೆ, ದರ್ಜಿ ಕೇಳುತ್ತಿದ್ದಾನೆ. ಆ ಗುಡ್ಡ ಯಾವ ಕಡೆಯ ಕಿಟಕಿಗೆ ಚೆನ್ನಾಗಿ ಕಾಣುತ್ತದೆ, ಎಡಕ್ಕೋ ಬಲಕ್ಕೋ? ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರೆ.

ಅಜ್ಜಿ